ಬೆರಳು ಹಿಡಿದ ಸ್ವರ, ಪಾದ ಹಿಡಿದ ಸ್ವರ

ಪ್ರಶ್ನೆ: ಹಲವು ವರ್ಷ ಹಾರ್ಮೋನಿಯಂ ನುಡಿಸಿದ ನಾನು ಈಗ ಪಿಯಾನೊ ಕಲಿಯುತ್ತಿದ್ದೇನೆ. ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗದ ಅಭ್ಯಾಸ ನಡೆದಿದೆ. ಪೆಡಲ್ ಇಲ್ಲದೆ, ಬೆರಳುಗಳಿಂದಲೇ ಲೆಗಾಟೊ (ಸ್ವರಗಳನ್ನು ನಡುವೆ ಕಡಿಯದೆ ಬೆಸೆದು ನುಡಿಸುವುದು) ಸಾಧಿಸಬೇಕೆಂದು ಗುರುಗಳು ಹೇಳುತ್ತಾರೆ. ಬಲಗಡೆಯ ಪೆಡಲ್ ಒತ್ತಿದರೆ ಸ್ವರಗಳು ತಾವಾಗಿಯೇ ಕೂಡಿಕೊಳ್ಳುವಾಗ ಈ ಶ್ರಮವೇಕೆ? ಅಲ್ಲದೆ ಎರಡನ್ನೂ ಒಟ್ಟಿಗೆ ಮಾಡಿದಾಗ, ಸರಿಯಾದ ಕಡೆ ಪೆಡಲ್ ಬದಲಾಯಿಸಿದರೂ (ಬಿಟ್ಟು ಮತ್ತೆ ಒತ್ತಿದರೂ), ನಾದ ಕಲಸಿಹೋಗುತ್ತದೆ.
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಮೊದಲನೆಯದರ ಉತ್ತರವೂ ಅದರೊಳಗೇ ಇದೆ.

ಪಿಯಾನೊದ ಒಂದು ಕೀ ಒತ್ತಿದಾಗ ಆ ಸ್ವರದ ತಂತಿಗಳ ಮೇಲಿರುವ ಡ್ಯಾಂಪರ್ ಎಂಬ ಮೆತ್ತೆ ಮಾತ್ರ ಮೇಲೇಳುತ್ತದೆ; ಕೀ ಬಿಟ್ಟೊಡನೆ ಮತ್ತೆ ಕುಳಿತು ನಾದವನ್ನು ಅಡಗಿಸುತ್ತದೆ. ಪೆಡಲ್ ಎಲ್ಲ ಡ್ಯಾಂಪರ್‌ಗಳನ್ನೂ ಒಮ್ಮೆಲೇ ಎತ್ತುತ್ತದೆ. ಪಾದ ಸಡಿಲಿಸಿದಾಗ ಅವೆಲ್ಲ ಕೆಳಗೆ ಕೂರುತ್ತವೆ, ಆದರೆ ಬೆರಳು ಇನ್ನೂ ಹಿಡಿದಿರುವ ಕೀಯ ಡ್ಯಾಂಪರ್ ಮಾತ್ರ ಕೂರುವುದಿಲ್ಲ.

ಈಗ ನಿಮ್ಮ ಕೃತಿಯ ಎರಡನೆಯ ಬಾರ್‌ನಿಂದ ಮೂರನೆಯದಕ್ಕೆ ಹೋಗುವ ಜಾಗವನ್ನು ನೋಡಿ (ಬಾರ್ ಎಂದರೆ ತಾಳದ ಒಂದು ಆವರ್ತ). ಎಡಗೈಯ ಆಕ್ಟೇವ್ (ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವುದು) ‘ಬಿ’ ಸ್ವರದಿಂದ ‘ಎ’ ಸ್ವರಕ್ಕೆ ಇಳಿಯುತ್ತದೆ. ಲೆಗಾಟೊ ಮಾಡುವ ಆಸೆಯಿಂದ ನಿಮ್ಮ ಬೆರಳು ‘ಎ’ ಒತ್ತಿದ ಮೇಲೂ ‘ಬಿ’ಯನ್ನು ಕ್ಷಣಕಾಲ ಹಿಡಿದಿರುತ್ತದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿಯೇ ಪಾದ ಮೇಲೆದ್ದು ಮತ್ತೆ ಕೆಳಗಿಳಿದರೆ ಹಳೆಯ ‘ಬಿ’ ಹೊಸ ಪೆಡಲ್‌ನಲ್ಲಿ ಸಿಕ್ಕಿಕೊಂಡು, ಎಡಗೈಯ ತಗ್ಗು ಸ್ಥಾಯಿಯಲ್ಲಿ ‘ಎ’ಯ ಪಕ್ಕದಲ್ಲೇ ಗುಂಯ್ ಎನ್ನುತ್ತಿರುತ್ತದೆ. ನೀವು ಪೆಡಲ್ ಬದಲಾಯಿಸಿದ್ದು ನಿಜ, ಆದರೆ ಬೆರಳು ಅದನ್ನು ವ್ಯರ್ಥ ಮಾಡಿತು. ಹಾರ್ಮೋನಿಯಂನಲ್ಲಿ ಇಂಥ ಅಂಟಿಕೊಂಡ ಬೆರಳು ಎದ್ದೊಡನೆ ಸ್ವರವೂ ನಿಲ್ಲುವುದರಿಂದ ಆ ದೋಷ ಕ್ಷಣದಲ್ಲಿ ಮಾಯವಾಗುತ್ತದೆ. ಇಲ್ಲಿ ಪೆಡಲ್ ಅದನ್ನು ಇಡೀ ಅರ್ಧ ಬಾರ್ ಕಾಯ್ದಿರಿಸುತ್ತದೆ.

ಪರಿಹಾರ ಕ್ರಮದಲ್ಲಿದೆ. ‘ಎ’ ಕೀ ಕೆಳಗಿಳಿಯುವ ಕ್ಷಣದಲ್ಲಿಯೇ ಪಾದ ಮೇಲೇಳಬೇಕು. ‘ಬಿ’ ಹಿಡಿದಿದ್ದ ಬೆರಳು ಪೂರ್ತಿ ಬಿಟ್ಟ ಮೇಲೆಯೇ ಪಾದ ಮತ್ತೆ ಇಳಿಯಬೇಕು. ಬಲಗೈಯಲ್ಲಿ ಮೂರು ಮೂರು ಸ್ವರಗಳ ಗುಂಪು ನಡೆಯುತ್ತಿರುವುದರಿಂದ ಲೆಕ್ಕ ಸುಲಭ: ಮೊದಲ ಸ್ವರಕ್ಕೆ ಪಾದ ಮೇಲೆ, ಎರಡನೆಯದಕ್ಕೆ ಕೆಳಗೆ. ಹಿಮ್ಮಡಿ ನೆಲದಲ್ಲಿಯೇ ಇರಲಿ, ಪಾದದ ಮುಂಭಾಗ ಪೆಡಲ್‌ನಿಂದ ಬೇರ್ಪಡದಿರಲಿ. ಪರೀಕ್ಷಿಸಲು, ಪೆಡಲ್ ಇಳಿದೊಡನೆ ನಿಲ್ಲಿಸಿ, ಎರಡೂ ಕೈಗಳನ್ನು ಮಡಿಲಿಗೆ ತಂದು, ಪೆಡಲ್ ಬಿಡದೆ ಕೇಳಿ. ‘ಬಿ’ ಕೇಳಿಸಿತೆಂದರೆ ಬೆರಳು ತಡಮಾಡಿದೆ, ಇಲ್ಲವೇ ಪಾದ ಅವಸರಪಟ್ಟಿದೆ.

ಇಲ್ಲಿಗೆ ನಿಮ್ಮ ಗುರುಗಳ ಮಾತು ಅರ್ಥವಾಗಬೇಕು. ಪಾದ ಮೇಲಿರುವ ಆ ಅಲ್ಪ ಹೊತ್ತಿನಲ್ಲಿ ಸ್ವರವನ್ನು ಹಿಡಿದಿರುವುದು ಬೆರಳೊಂದೇ; ಅದು ಬೇಗ ಎದ್ದರೆ ಸಾಲು ಅಲ್ಲಿಯೇ ತುಂಡಾಗುತ್ತದೆ. ಪೆಡಲ್‌ನ ಭರವಸೆಯಲ್ಲಿ ಬೆರಳು ಎತ್ತಿ ಎತ್ತಿ ನುಡಿಸುವವರು ಈ ತುಂಡನ್ನು ಮುಚ್ಚಲು ಪೆಡಲ್ ಬದಲಾಯಿಸುವುದನ್ನೇ ಬಿಡುತ್ತಾರೆ, ಆಮೇಲೆ ಎಲ್ಲವೂ ಮಂಜು.

ಹಾಗೆಂದು ಬೆರಳಿಗೆ ಎಲ್ಲವೂ ಸಾಧ್ಯವಿಲ್ಲ. ಐದನೆಯ ಬಾರ್‌ನ ಕೊನೆಯಲ್ಲಿ ಶುರುವಾಗುವ ರಾಗದ ಸಾಲು ‘ಜಿ ಶಾರ್ಪ್’ ಸ್ವರವನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಒಂದೇ ಕೀಯನ್ನು ಮರಳಿ ಬಾರಿಸಲು ಬೆರಳು ಅದನ್ನು ಬಿಡಲೇಬೇಕು. ಅಲ್ಲಿ ಬೆಸುಗೆ ಪೆಡಲ್‌ನದೇ. ಆಕ್ಟೇವ್‌ಗಳಲ್ಲಿ ಹೆಬ್ಬೆರಳು ಜಿಗಿಯುವಾಗಲೂ ಅಷ್ಟೆ.

ನಿಮ್ಮ ಪುಸ್ತಕದ ಆರಂಭದಲ್ಲಿ ‘ಸೆನ್ಸಾ ಸೊರ್ದೀನೊ’ ಎಂಬ ಸೂಚನೆ ಇರುತ್ತದೆ. ಡ್ಯಾಂಪರ್‌ಗಳಿಲ್ಲದೆ, ಅಂದರೆ ಅವನ್ನು ಎತ್ತಿಟ್ಟು ನುಡಿಸಬೇಕೆಂದು ಅದರ ಅರ್ಥ. 1801ರ ಈ ಕೃತಿ ಹುಟ್ಟಿದ ಕಾಲದ ಪಿಯಾನೊಗಳಲ್ಲಿ ನಾದ ಬೇಗ ಕ್ಷೀಣಿಸುತ್ತಿತ್ತು. ಇಂದಿನ ವಾದ್ಯದಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ನೀವು ದೂರುತ್ತಿರುವ ಕಲಸಾಟವೇ ಸಿಗುತ್ತದೆ. ಎಡಗೈಯ ಬೇಸ್ (ತಗ್ಗು) ಸ್ವರ ಬದಲಾದಾಗಲೆಲ್ಲ ಪೆಡಲ್ ಬದಲಾಯಿಸುವುದು ಕಲಿಯುವವರಿಗೆ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಒಂದು ವಾರ ಎಡಗೈ ಮತ್ತು ಪಾದ ಮಾತ್ರ, ಅರ್ಧ ವೇಗದಲ್ಲಿ, ಮೊದಲ ನಾಲ್ಕು ಬಾರ್‌ಗಳನ್ನು ನುಡಿಸಿ. ಬಲಗೈಯನ್ನು ಆಮೇಲೆ ಸೇರಿಸಿ.