ಡಬ್ಬಿಂಗ್ ಮಾಡಿದ ಮರುದಿನ ಮೇಲಿನ ಸ್ವರ ಸೇರದಿದ್ದರೆ

ನೀವು ಹಾಡುವವರು, ಸೀರಿಯಲ್‌ಗೆ ಡಬ್ಬಿಂಗೂ ಮಾಡುತ್ತೀರಿ; ಡಬ್ಬಿಂಗ್ ಆದ ಮೇಲೆ ಎರಡು ದಿನ ಮೇಲಿನ ಷಡ್ಜ (ಮೇಲಿನ ‘ಸ’) ಸೇರುವುದಿಲ್ಲ, ಗಂಟಲಲ್ಲಿ ಗಂಟು ಆಗಿದೆಯಾ ಎಂದು ಬರೆದಿದ್ದೀರಿ. ಇದಕ್ಕೆ ಕಾರಣ ಬಹುಶಃ ಡೈಲಾಗ್ ಅಲ್ಲ, ಸೀರಿಯಲ್‌ನ ಅಳು ಮತ್ತು ಕಿರುಚಾಟ. ನನಗೂ ಹಾಗೇ ಆಗಿತ್ತು. ‘ಅಮ್ಮಾ!’ ಅನ್ನುವ ಒಂದೇ ಕೂಗಿಗೆ ಏಳು ಟೇಕ್ ಆಯಿತು. ಮರುದಿನ ತಂಬೂರಿ ಹಾಕಿ ಕೂತರೆ ಅದಕ್ಕಿಂತ ಕೆಳಗಿನ ಪಂಚಮಕ್ಕೇ (‘ಪ’) ದನಿ ಒಡೆಯಿತು.

ಮೊದಲು, ಕೂಗುವ ಸೀನ್‌ಗಳನ್ನೆಲ್ಲ ಕೊನೆಗೆ ಇಡಿ ಎಂದು ಡಬ್ಬಿಂಗ್ ನೋಡಿಕೊಳ್ಳುವವರನ್ನು ಕೇಳಿ. ಸಂಕೋಚ ಬೇಡ, ದನಿ ನಿಮ್ಮದು ಅಲ್ವಾ? ಕೂಗುವಾಗ ಗಂಟಲು ಬಿಗಿ ಹಿಡಿಯದೆ ಹೊಟ್ಟೆಯಿಂದ ಉಸಿರು ಕೊಡಿ. ಸದ್ದು ಜಾಸ್ತಿ ಮಾಡುವುದು ಸೌಂಡ್ ಎಂಜಿನಿಯರ್ ಕೆಲಸ. ಮುಗಿದ ಮೇಲೆ ಪಿಸುಮಾತೂ ಬೇಡ, ಅದೂ ದನಿಗೆ ಭಾರ. ಸುಮ್ನೆ ಇರಿ, ನೀರು ಕುಡಿಯುತ್ತಿರಿ. ಮರುದಿನ ಬಾಯಿ ಮುಚ್ಚಿಕೊಂಡು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ ಗುನುಗಿ, ಮೆಲ್ಲಗೆ ಮೇಲೆ ಹತ್ತಿ. ಹಾಡಿನ ರೆಕಾರ್ಡಿಂಗ್ ಇದ್ದರೆ ಡಬ್ಬಿಂಗ್‌ಗಿಂತ ಮೊದಲೇ ಇಟ್ಟುಕೊಳ್ಳಿ.

ಗಂಟಲಲ್ಲಿ ಗಂಟು ಆಗಿದೆಯಾ ಅನ್ನುವುದನ್ನು ನಾನು ಹೇಳಲಾರೆ. ಮೂರು ವಾರ ಕಳೆದರೂ ದನಿ ಒಡೆಯುತ್ತಲೇ ಇದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ ಲಾರಿಂಗೋಸ್ಕೋಪಿ (ಗಂಟಲೊಳಗಿನ ಧ್ವನಿಪೆಟ್ಟಿಗೆಯನ್ನು ನೋಡುವ ಪರೀಕ್ಷೆ) ಮಾಡಿಸಿ.

ಹಾಡು, ಡಬ್ಬಿಂಗ್ ಎರಡರಲ್ಲಿ ಒಂದನ್ನು ಬಿಡಬೇಕಾ ಎಂದೂ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಗಾಯಕಿ ಚಿನ್ಮಯಿ ಶ್ರೀಪಾದ 2002ರಲ್ಲಿ ಎ.ಆರ್. ರೆಹಮಾನ್ ಸಂಗೀತದಲ್ಲಿ ಹಾಡಿ ಬಂದವರು. 2010ರಲ್ಲಿ ನಟಿ ಸಮಂತಾ ಅವರ ಮೊದಲ ತೆಲುಗು ಚಿತ್ರಕ್ಕೆ ದನಿ ಕೊಟ್ಟರು, ಹಾಡುವುದನ್ನೂ ಬಿಡಲಿಲ್ಲ. ಮುಂದಿನ ವಾರದ ಡಬ್ಬಿಂಗ್‌ಗೆ ಒಪ್ಪುವ ಮೊದಲು ಕೂಗುವ ಸೀನ್ ಎಷ್ಟಿವೆ ಎಂದು ಕೇಳಿ, ಅದರ ಮರುದಿನ ಹಾಡು ಒಪ್ಪಿಕೊಳ್ಳಬೇಡಿ.