ಮಗ ಇಟ್ಟ ಒಂದು ಕಲ್ಲು

ಪ್ಲಿಮತ್‌ನಿಂದ ಪತ್ರ ಬರೆದ ಓದುಗರೇ,

ಇಂಗ್ಲೆಂಡಿನ ಡಾರ್ಟ್‌ಮೂರ್‌ನ ಬಯಲುಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದಿರಿ. ನಕ್ಷೆಯಲ್ಲಿದ್ದ ಹಳೇ ಸಮಾಧಿ ಹುಡುಕಿ ಹತ್ತಿದರೆ ಸಿಕ್ಕಿದ್ದು ಬರೀ ಕಲ್ಲುಗುಪ್ಪೆ. ಮಗ ಅದರ ಮೇಲೆ ತಾನೂ ಒಂದು ಕಲ್ಲಿಟ್ಟ. "ಅಲ್ಲಿ ನೋಡೋಕೆ ಏನಿದೆ? ಕಲ್ಲಿಟ್ಟಿದ್ದು ತಪ್ಪಾ?" ಎಂದು ಕೇಳಿದ್ದೀರಿ.

ಮೊದಲು ಕಲ್ಲಿನ ವಿಷಯ. ಮಗನನ್ನು ಬೈಯಬೇಡಿ, ಪ್ರೀತಿಯಿಂದಲೇ ಇಟ್ಟಿರುತ್ತಾನೆ. ಆದರೆ ಇನ್ನು ಮುಂದೆ ಬೇಡ. ಅಲ್ಲಿನ ಎಷ್ಟೋ ಗುಪ್ಪೆಗಳಿಗೆ ಕಾನೂನಿನ ರಕ್ಷಣೆ ಇದೆ. ನಡೆಯಲು ಬಂದವರು ಗಾಳಿಗೆ ಮರೆ ಬೇಕೆಂದು ಕಲ್ಲು ಸರಿಸಿ, ಕೆಲವು ಗುಪ್ಪೆಗಳ ಮೂಲ ಆಕಾರವೇ ಹೋಗಿದೆ. ಹಾಗಂತ ಇಟ್ಟ ಕಲ್ಲು ತೆಗೆಯಲು ಮತ್ತೆ ಹೋಗಿ ಕೆದಕಬೇಡಿ.

ಇನ್ನು ನೋಡೋಕೆ ಏನಿದೆ ಅಂದರೆ, ಆ ಕಲ್ಲುಗುಪ್ಪೆಯೇ ಸಮಾಧಿ. ಮೊದಲು ಅದರ ಅಂಚು ನೋಡಿ. ಸುತ್ತ ನಿಲ್ಲಿಸಿದ ಕಲ್ಲುಗಳ ಬಳೆ ಕಾಣಬಹುದು. ನಡುವೆ ಗುಂಡಿ ಇದ್ದರೆ, ನಿಧಿಯ ಆಸೆಗೆ ಯಾರೋ ಹಿಂದೆಯೇ ಅಗೆದಿರಬಹುದು. ಕೆಲವು ಕಡೆ ಸತ್ತವರನ್ನು ಇಡಲು ಚಪ್ಪಡಿಗಳಿಂದ ಮಾಡಿದ ಕಲ್ಲಿನ ಪೆಟ್ಟಿಗೆ ಹೊರಗೇ ಕಾಣುತ್ತದೆ. ಡಾರ್ಟ್‌ಮೂರ್‌ನ ಮೆರಿವೇಲ್‌ನಲ್ಲಿ ಅಂಥದ್ದಿದೆ. ಗೇಟಿನ ಕಂಬಕ್ಕೆಂದು ಅದರ ಮುಚ್ಚಳದ ನಡುವಿನ ತುಂಡನ್ನೇ ಕಡಿದೊಯ್ದರು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಡಾರ್ಟ್‌ಮೂರ್‌ನ ಹುಳಿ ಮಣ್ಣಿನಲ್ಲಿ ಮೂಳೆ ಉಳಿಯುವುದೇ ಅಪರೂಪ. ಅದಕ್ಕೇ 2011ರಲ್ಲಿ ವೈಟ್‌ಹಾರ್ಸ್ ಹಿಲ್‌ನಲ್ಲಿ ತೆರೆದ ಇಂಥದೇ ಪೆಟ್ಟಿಗೆ ಎಲ್ಲರನ್ನೂ ಬೆರಗಾಗಿಸಿತು. ಗಾಳಿಯಾಡದ, ಒದ್ದೆಯಾದ ಪೀಟ್, ಅಂದರೆ ಅರೆಕೊಳೆತ ಗಿಡಗಳಿಂದಾದ ಮಣ್ಣು, ಅದನ್ನು ಕಾಪಾಡಿತ್ತು. ಚಿಕ್ಕ ವಯಸ್ಸಿನವರೊಬ್ಬರ ಸುಟ್ಟ ಮೂಳೆಗಳನ್ನು ಕರಡಿ ತೊಗಲಿನಲ್ಲಿ ಸುತ್ತಿ ಇಟ್ಟಿದ್ದರು. ಜೊತೆಗೆ ಹೆಣೆದ ಬುಟ್ಟಿ, ಮರದ ಕಿವಿಯೋಲೆ, ತವರದ ಗುಂಡುಗಳಿದ್ದ ಹಸುವಿನ ಕೂದಲಿನ ಪಟ್ಟಿ, ಸುಮಾರು 200 ಮಣಿ. ಹೆಚ್ಚುಕಮ್ಮಿ 3,700 ವರ್ಷ ಹಳೆಯವು! ಆ ಕಿವಿಯೋಲೆ ನೆನೆದರೆ ನನಗೆ ಈಗಲೂ ಮನಸ್ಸು ಒದ್ದೆಯಾಗುತ್ತದೆ. ಮನೆಯವರು ಬೀಳ್ಕೊಟ್ಟ ಮಗುವೋ, ತಂಗಿಯೋ ಇರಬೇಕು ಅಲ್ವಾ? 2014ರಲ್ಲಿ ಇವನ್ನು ನಿಮ್ಮ ಪ್ಲಿಮತ್‌ನ ಮ್ಯೂಸಿಯಂನಲ್ಲೇ ಪ್ರದರ್ಶನಕ್ಕೆ ಇಟ್ಟಿದ್ದರು.

"ನಮ್ಮ ಕಡೆಯೂ ಇಂಥವು ಇವೆಯಲ್ಲ, ನಂಟಿದೆಯಾ?" ಎಂದೂ ಕೇಳಿದ್ದೀರಿ. ಸುರಪುರದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 19ನೇ ಶತಮಾನದಲ್ಲಿ ಜೇವರ್ಗಿ ಕಡೆಯ ಗುಪ್ಪೆಗಳನ್ನು ಅಗೆದು, ಒಳಗಿನ ಪದರಗಳ ಚಿತ್ರ ಬರೆದರು. ಬ್ರಿಟನ್ನಿನ ಸಮಾಧಿಗಳಿಗೂ ಇವಕ್ಕೂ ಸಂಬಂಧವಿದೆ ಎಂದು ನಂಬಿದ್ದರು. ಈಗ ಅದನ್ನು ಯಾರೂ ಒಪ್ಪುವುದಿಲ್ಲ. ನಮ್ಮವು ಕಬ್ಬಿಣದ ಕಾಲದವು, ಡಾರ್ಟ್‌ಮೂರ್‌ನವು ಅದಕ್ಕೂ ಹಳೆಯ ಕಂಚಿನ ಕಾಲದವು. ಆದರೆ ಟೇಲರ್ ಅಗೆದಷ್ಟೇ ಎಚ್ಚರದಿಂದ ಬರೆದಿಟ್ಟರು. ಆ ಕೆಲಸ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಮತ್ತೆ ಹೋಗುವುದಾದರೆ ಮೆರಿವೇಲ್‌ಗೇ ಹೋಗಿ, ರಸ್ತೆಯಿಂದ ಜಾಸ್ತಿ ನಡೆಯಬೇಕಿಲ್ಲ. ವೈಟ್‌ಹಾರ್ಸ್ ಹಿಲ್ ಕಡೆ ಸೇನೆಯ ಗುಂಡು ಹಾರಿಸುವ ಜಾಗವಿದೆ. ಹೊರಡುವ ಮೊದಲು ಅದರ ವೇಳಾಪಟ್ಟಿ ನೋಡಿ. ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡಬೇಡಿ. ಮಂಜು ಕವಿಯಲು ಹೊತ್ತು ಬೇಕಿಲ್ಲ, ದಿಕ್ಸೂಚಿ ಜೊತೆಗಿರಲಿ. ಮಗನ ಕೈಗೆ ಒಂದು ಹಾಳೆ, ಪೆನ್ಸಿಲ್ ಕೊಡಿ. ಗುಪ್ಪೆಯ ಅಂಚಿನ ಕಲ್ಲುಗಳನ್ನು ಎಣಿಸಿ, ಇದ್ದ ಹಾಗೇ ಬರೆದುಕೊಳ್ಳಲಿ. ಆ ಚಿತ್ರ ನಮಗೂ ಕಳಿಸಿ.

— ಸಂಪಾದಕ