ಪ್ರತಿಕ್ರಿಯೆ: ಸೈಕಲ್ಲಿನ ಹಿಂದಿನ ಚಕ್ರ ಒಂದೇ ಜಾಗದಲ್ಲಿ ಮೂರು ಸಲ ಪಂಕ್ಚರ್
ಮೂರು ಸಲವೂ ಒಂದೇ ಜಾಗ ಅಂದರೆ ಟಯರಿನೊಳಗೆ ಏನೋ ಚುಚ್ಚಿಕೊಂಡೇ ಇದೆ. ಬಹುಶಃ ಲಾರಿ ಟಯರಿನಿಂದ ಉದುರಿದ, ಕೂದಲೆಳೆಯಂಥ ತಂತಿ. ಟ್ಯೂಬಿಗೆ ಮಾತ್ರ ಪ್ಯಾಚ್ ಹಾಕಿದರೆ ಹೀಗೇ ಆಗೋದು.

ಟ್ಯೂಬ್ ಬಿಚ್ಚುವ ಮುಂಚೆ ವಾಲ್ವ್ ಎದುರು ಟಯರಿನ ಮೇಲೆ ಚಾಕ್‌ಪೀಸ್ ಗುರುತು ಹಾಕಿ. ಚೈನ್ ಕಡೆಗಿದ್ದ ಬದಿ ಯಾವುದೆಂದೂ ನೆನಪಿಡಿ. ಬಿಚ್ಚಿದ ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಅದ್ದಿ. ವಾಲ್ವಿನಿಂದ ಗುಳ್ಳೆ ಎಷ್ಟು ದೂರವೋ, ಟಯರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿ. ಬೆರಳಾಡಿಸಬೇಡಿ, ಕುಯ್ಯುತ್ತೆ. ಹತ್ತಿ ಸವರಿ, ಎಳೆ ಸಿಕ್ಕಿಕೊಂಡಲ್ಲೇ ತಂತಿ. ಚಿಮುಟದಿಂದ ಎಳೆಯಿರಿ.

ತೂತು ರಿಮ್ ಕಡೆಗಿದ್ದರೆ ನನ್ನ ಊಹೆ ತಪ್ಪು: ರಿಮ್ ಟೇಪ್ (ಸ್ಪೋಕ್ ತುದಿಗಳನ್ನು ಮುಚ್ಚುವ ಪಟ್ಟಿ) ಸರಿದು ಸ್ಪೋಕ್ ತುದಿಯೋ ಅದರ ರಂಧ್ರದ ಅಂಚೋ ತಾಗುತ್ತಿರಬೇಕು. ಅಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಮ್ಮಿಯಾಗಿ ಗುಂಡಿಗೆ ಬಡಿದದ್ದು. ಟಯರಿನ ಪಕ್ಕದಲ್ಲಿ ಬರೆದ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ನೋಡಿ ತುಂಬಿಸಿ.